ಪಿಕಪ್‌ನ ಹಿಂದಿನ ಹೌಸಿಂಗ್ ಸೋರುತ್ತಿದೆಯೇ? ಸೀಲ್ ಕೊಳ್ಳುವ ಮೊದಲು ಇಷ್ಟು ನೋಡಿ

ಗಾಡಿ ನಿಲ್ಲಿಸಿದ ಜಾಗದಲ್ಲಿ, ಹಿಂದಿನ ಎರಡು ಚಕ್ರಗಳ ನಡುವೆ ಎಣ್ಣೆ ಕಲೆ ಕಂಡರೆ ಹೆಚ್ಚಿನವರು ನೇರ ಗ್ಯಾರೇಜ್‌ಗೆ ಹೋಗಿ ‘ಅಣ್ಣಾ, ಒಂದು ಸೀಲ್ ಹಾಕಿಬಿಡಿ’ ಅನ್ನುತ್ತಾರೆ. ಅವರೂ ಹಾಕಿ ಕಳಿಸುತ್ತಾರೆ. ಸ್ವಲ್ಪ ದಿನ ಹೌಸಿಂಗ್, ಅಂದರೆ ಹಿಂದಿನ ಆಕ್ಸಲ್‌ನ ಹೊರಕವಚ, ಒಣಗಿರುತ್ತದೆ. ಆಮೇಲೆ ಮತ್ತೆ ಅದೇ ಕಲೆ.

ಸೀಲ್ ಅಂದರೆ ರಬ್ಬರ್ ತುಟಿ ಇರುವ ಒಂದು ಉಂಗುರ, ಅಷ್ಟೇ. ಹೆಚ್ಚಿನ ಸಲ ಅದು ಸುಮ್ನೆ ಕೆಡುವುದಿಲ್ಲ. ಒಳಗೆ ಗಾಳಿಯ ಒತ್ತಡ ಏರಿರುತ್ತದೆ, ಇಲ್ಲವೇ ಬೇರಿಂಗ್ ಸಡಿಲವಾಗಿ ಶಾಫ್ಟ್ ಅಲ್ಲಾಡುತ್ತಿರುತ್ತದೆ, ಇಲ್ಲವೇ ಸೀಲ್ ಉಜ್ಜುವ ಜಾಗ ಸವೆದು ಗೀರು ಬಿದ್ದಿರುತ್ತದೆ. ಆ ಕಾರಣವನ್ನು ಹಾಗೇ ಬಿಟ್ಟು ಹೊಸ ಸೀಲ್ ಹಾಕಿದರೆ ಅದೂ ಹೋಗುತ್ತದೆ. ಸೀಲ್‌ಗೆ ಕೊಡುವ ದುಡ್ಡು ದೊಡ್ಡದಲ್ಲ. ಬಿಚ್ಚಿ ಕಟ್ಟುವ ಕೂಲಿ ಮತ್ತು ಗಾಡಿ ನಿಂತ ದಿನ ತಪ್ಪಿದ ಬಾಡಿಗೆ, ಇವೇ ದುಬಾರಿ.

ಬೊಲೆರೊ ಪಿಕಪ್, ಟಾಟಾ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್, ಇಸುಜು ಡಿ-ಮ್ಯಾಕ್ಸ್, ಹೈಲಕ್ಸ್ ಎಲ್ಲದರಲ್ಲೂ ಹಿಂದೆ ಪಟ್ಟಿ ಸ್ಪ್ರಿಂಗ್ ಮೇಲೆ ಕೂತ ಗಟ್ಟಿ ಆಕ್ಸಲ್ ಇರುತ್ತದೆ. ಅದರ ನಡುವಿನ ಗುಂಡಗಿನ ಭಾಗವೇ ಡಿಫರೆನ್ಷಿಯಲ್. ನಟ್ ಸೈಜು, ಟಾರ್ಕ್ ಲೆಕ್ಕ ಗಾಡಿಯಿಂದ ಗಾಡಿಗೆ ಬೇರೆ. ಅದಕ್ಕೆ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕವೇ ಆಧಾರ. ಸೋರಿಕೆ ಹುಡುಕುವ ದಾರಿ ಮಾತ್ರ ಎಲ್ಲಕ್ಕೂ ಒಂದೇ.

ಅದು ಯಾವ ಎಣ್ಣೆ?

ಕಲೆಗೆ ಬೆರಳು ಹಚ್ಚಿ ಮೂಸಿ ನೋಡಿ. ಡಿಫರೆನ್ಷಿಯಲ್‌ಗೆ ಹಾಕುವ ಗೇರ್ ಆಯಿಲ್ ಮಂದವಾಗಿರುತ್ತದೆ. ಕೊಳೆತ ಮೊಟ್ಟೆಯ ಹತ್ತಿರದ ಒಂದು ಕಟು ವಾಸನೆ ಇರುತ್ತದೆ, ಬಟ್ಟೆಗೆ ತಾಗಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ. ಒಳಗಿನ ಕ್ರೌನ್ (ದೊಡ್ಡ ಹಲ್ಲುಚಕ್ರ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ) ಹಲ್ಲುಗಳು ಬರೀ ಉರುಳುವುದಿಲ್ಲ, ಭಾರದಲ್ಲಿ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡ ತಡೆಯಲೆಂದು ಎಣ್ಣೆಗೆ ಗಂಧಕ, ರಂಜಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ವಾಸನೆ ಬರುವುದು ಆ ಗಂಧಕದಿಂದ.

ಆದರೆ ವಾಸನೆ ಒಂದನ್ನೇ ನಂಬಬೇಡಿ. ಗೇರ್‌ಬಾಕ್ಸ್ ಎಣ್ಣೆಯ ವಾಸನೆಯೂ ಇದರ ಹತ್ತಿರವೇ ಇರುತ್ತದೆ. ಗೇರ್‌ಬಾಕ್ಸ್ ಹಿಂದಿನ ಸೀಲ್ ಸೋರಿದರೆ ಆ ಎಣ್ಣೆ ಗಾಳಿಗೆ ಹಾರಿ ಹೌಸಿಂಗ್ ಮುಖಕ್ಕೇ ಮೆತ್ತಿಕೊಳ್ಳುತ್ತದೆ. ಎಂಜಿನ್ ಆಯಿಲ್ ಕೂಡ ಹೀಗೇ ಹಿಂದೆ ಬರುತ್ತದೆ. ಡೀಸೆಲ್ ಗಾಡಿಯಲ್ಲಿ ಅದು ಅಚ್ಚ ಕಪ್ಪು, ಗೇರ್ ಆಯಿಲ್‌ಗಿಂತ ತೆಳು.

ಚಕ್ರದ ಒಳಬದಿಯಲ್ಲಿ ತೀರಾ ತೆಳ್ಳಗಿನ, ಬಣ್ಣ ಅಷ್ಟಾಗಿ ಇಲ್ಲದ ದ್ರವ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಉಬ್ಬಿ ಏಳುತ್ತದೆ. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ಇಳಿದಿದ್ದರೆ ಗಾಡಿ ಅಲ್ಲಿಂದ ಕದಲಿಸಬೇಡಿ. ಅದು ಬೇರೆಯೇ ಕೆಲಸ, ಇದಕ್ಕಿಂತ ತುರ್ತು.

ತೊಳೆಯಿರಿ, ಪೌಡರ್ ಹಾಕಿ, ಓಡಿಸಿ

ಮಣ್ಣು, ಎಣ್ಣೆ ಸೇರಿ ಮುದ್ದೆಯಾಗಿರುವ ಹೌಸಿಂಗ್ ನೋಡಿ ಸೋರಿಕೆ ಎಲ್ಲಿ ಅಂತ ಹೇಳುವುದು ಬರೀ ಊಹೆ. ಸ್ವಲ್ಪ ಡೀಸೆಲ್ ಮತ್ತು ಬ್ರಷ್ ಹಿಡಿದು ಪೂರ್ತಿ ಉಜ್ಜಿ, ಸೋಪು ನೀರಿನಲ್ಲಿ ತೊಳೆದು, ಒಣಗಲು ಬಿಡಿ. ವಾಟರ್ ಸರ್ವಿಸ್‌ನಲ್ಲಿ ತೊಳೆಸುವುದಾದರೆ ಸೀಲ್ ಮತ್ತು ಬ್ರೀದರ್ (ಹೌಸಿಂಗ್ ಮೇಲಿನ ಗಾಳಿ ಕಿಂಡಿ) ಮೇಲೆ ನೇರವಾಗಿ ಜೋರು ನೀರು ಹೊಡೆಯದಂತೆ ಹೇಳಿ.

ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಹೌಸಿಂಗ್ ಸುತ್ತ, ಪಿನಿಯನ್ ಹತ್ತಿರ, ಎರಡೂ ಚಕ್ರದ ಹಿಂದಿನ ತಗಡಿಗೆ ತೆಳುವಾಗಿ ಉದುರಿಸಿ. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರ್ ಮೇಲೆ ಎಣ್ಣೆಯ ಗೆರೆ ಎದ್ದು ಕಾಣುತ್ತದೆ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ತೊಟ್ಟಿಕ್ಕುವ ಜಾಗ ಮುಖ್ಯವಲ್ಲ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾದ ಜಾಗ ಯಾವುದೋ ಅಲ್ಲಿಂದಲೇ ಸೋರಿಕೆ ಶುರು.

ಗೇರ್‌ಬಾಕ್ಸ್‌ನಿಂದ ಬರುವ ಜಾಯಿಂಟ್ ಶಾಫ್ಟ್ ಬಂದು ಸೇರುವ ಕಡೆ ಒದ್ದೆಯಿದ್ದು, ಮೇಲಿನ ಟ್ರೇ ತಳಕ್ಕೂ ಅಡ್ಡಲಾಗಿ ಎಣ್ಣೆಯ ಪಟ್ಟೆ ಎರಚಿದ್ದರೆ ಪಿನಿಯನ್ ಸೀಲ್. ಶಾಫ್ಟನ್ನು ಪಿನಿಯನ್‌ಗೆ ಸೇರಿಸುವ ಕಪ್ಲಿಂಗ್ ತಿರುಗುತ್ತಾ ಎಣ್ಣೆಯನ್ನು ಸುತ್ತಲೂ ಬೀಸುವುದರಿಂದ ಆ ಪಟ್ಟೆ ಬರುತ್ತದೆ. ಟೈರ್‌ನ ಒಳಗೋಡೆಯಲ್ಲಿ ಎಣ್ಣೆ ಗೀರುಗಳಿದ್ದು, ಬ್ರೇಕ್ ತಗಡಿನ ಕೆಳತುದಿ ಒದ್ದೆಯಿದ್ದರೆ ಚಕ್ರದ ಕಡೆಯ ಸೀಲ್. ಬೋಲ್ಟ್ ಸಾಲಿನ ಜೋಡಣೆಯಲ್ಲಿ ಜಿನುಗುತ್ತಿದ್ದರೆ ಪ್ಯಾಕಿಂಗ್. ಡ್ರೈನ್ ಪ್ಲಗ್ ಸುತ್ತ ಮಾತ್ರ ಹಸಿಯಿದ್ದರೆ ನಿಮ್ಮ ಅದೃಷ್ಟ, ಒಂದು ವಾಷರ್‌ನಲ್ಲಿ ಮುಗಿಯುತ್ತದೆ. ಆಕ್ಸಲ್ ಮೇಲ್ಭಾಗದಲ್ಲಿ ಬ್ರೀದರ್ ಸುತ್ತ ಎಣ್ಣೆ ಉಕ್ಕಿದ್ದರೆ ಎಣ್ಣೆ ಜಾಸ್ತಿ ತುಂಬಿದ್ದಾರೆ, ಇಲ್ಲವೇ ನೀರು ಸೇರಿ ನೊರೆ ಬಂದಿದೆ.

ಧೂಳು ಅಂಟುವಷ್ಟು ತೇವವಿದ್ದು ಹನಿ ಬೀಳದಿದ್ದರೆ ಗಾಬರಿ ಬೇಡ. ಮಟ್ಟ ನೋಡಿಕೊಳ್ಳುತ್ತಾ ಇನ್ನೂ ಬಹಳ ದಿನ ಓಡಿಸಬಹುದು. ರಾತ್ರಿ ಕೆಳಗೆ ರಟ್ಟು ಹಾಸಿ ನೋಡಿ. ಹನಿ ಬಿದ್ದಿದ್ದರೆ ರಿಪೇರಿಗೆ ಸಮಯ ಬಂದಿದೆ. ಚಕ್ರದ ಕಡೆಯ ಸೋರಿಕೆಗೆ ಮಾತ್ರ ಈ ವಿನಾಯಿತಿ ಇಲ್ಲ. ಅಲ್ಲಿ ಎಣ್ಣೆ ಹೋಗುವುದು ಬ್ರೇಕ್ ಲೈನರ್ ಮೇಲೆ.

ಬ್ರೀದರ್: ಎಲ್ಲರೂ ಮರೆಯುವ ಭಾಗ

ಹೌಸಿಂಗ್ ಮೇಲ್ಭಾಗದಲ್ಲಿ ಹೆಬ್ಬೆರಳಿಗಿಂತ ಚಿಕ್ಕ ಒಂದು ಲೋಹದ ಟೋಪಿ ಇರುತ್ತದೆ. ಕೆಲವು ಗಾಡಿಗಳಲ್ಲಿ ಅಲ್ಲಿಂದ ಒಂದು ರಬ್ಬರ್ ಪೈಪ್ ಚಾಸಿಯವರೆಗೆ ಹೋಗಿರುತ್ತದೆ. ಅದೇ ಬ್ರೀದರ್. ಲೋಡ್ ಹೊತ್ತು ಶಿರಾಡಿ ಘಾಟಿ ಹತ್ತಿದ ಗಾಡಿಯ ಹೌಸಿಂಗ್ ಮುಟ್ಟಿದರೆ ಕೈ ಸುಡುತ್ತದೆ. ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಬ್ರೀದರ್ ತೆರೆದಿದ್ದರೆ ಅದು ಹೊರಗೆ ಹೋಗುತ್ತದೆ. ಕೆಸರು ಮೆತ್ತಿ ಮುಚ್ಚಿಹೋಗಿದ್ದರೆ ದಾರಿ ಸಿಗದೆ ಸೀಲ್ ತುಟಿಯನ್ನು ತಳ್ಳಿ ಎಣ್ಣೆಯನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಎರಡು ಮೂರು ಕಡೆ ಒಟ್ಟಿಗೇ ಸೋರಲು ಶುರುವಾಗಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ಬ್ರೀದರ್ ಮೇಲೆಯೇ.

ಪರೀಕ್ಷೆ ಸುಲಭ. ಗಾಡಿ ಚೆನ್ನಾಗಿ ಓಡಿಸಿ ತಂದು, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಣ್ಣೆ ತುಂಬುವ ಪ್ಲಗ್ಗನ್ನು ನಿಧಾನವಾಗಿ ಸಡಿಲಿಸಿ. ‘ಫುಸ್’ ಅಂತ ಗಾಳಿ ಬಂದರೆ ಬ್ರೀದರ್ ಕಟ್ಟಿಕೊಂಡಿದೆ. ಎಣ್ಣೆ ಬಿಸಿ ಇರುತ್ತದೆ, ಮುಖ ಪಕ್ಕಕ್ಕಿರಲಿ, ಕೈಗೆ ಗ್ಲೌಸ್ ಇರಲಿ. ಬ್ರೀದರ್ ಸುತ್ತಲಿನ ಮಣ್ಣು ಒರೆಸಿ, ಬಿಚ್ಚಿ, ಪೆಟ್ರೋಲ್‌ನಲ್ಲಿ ತೊಳೆದು ಗಾಳಿ ಹೊಡೆಯಿರಿ. ಟೋಪಿ ಅಲ್ಲಾಡದೆ ತುಕ್ಕು ಹಿಡಿದಿದ್ದರೆ ಹೊಸದು ಹಾಕಿ. ಪೈಪ್ ಇದ್ದರೆ ಅದು ಎಲ್ಲೂ ಮಡಚಿರಬಾರದು.

ಹೊಲ, ಹಳ್ಳ ದಾಟುವ ಗಾಡಿಗಳಿಗೆ ಇನ್ನೊಂದು ತೊಂದರೆ ಇದೆ. ಕಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ತಟ್ಟನೆ ಕುಗ್ಗಿ ಬ್ರೀದರ್ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆ ಎಣ್ಣೆಯಲ್ಲಿ ಓಡಿಸಿದರೆ ಬೇರಿಂಗ್‌ಗಳು ತುಕ್ಕು ಹಿಡಿದು ಹಾಳಾಗುತ್ತವೆ. ಮಲೆನಾಡಿನ ಕಡೆಯವರು ಬ್ರೀದರ್‌ಗೆ ಪೈಪ್ ಸೇರಿಸಿ ಎತ್ತರಕ್ಕೆ ಒಯ್ದು ಕಟ್ಟಿಕೊಳ್ಳುವುದು ಒಳ್ಳೆಯದು.

ಬ್ರೀದರ್ ಸರಿಮಾಡಿ, ಮತ್ತೆ ತೊಳೆದು, ಒಂದು ವಾರ ಓಡಿಸಿ ನೋಡಿ. ಸೋರಿಕೆ ನಿಂತೇಹೋದರೆ ಉಳಿದದ್ದು ಓದುವ ಕೆಲಸವೂ ಇಲ್ಲ.

ಎಣ್ಣೆಯ ಮಟ್ಟ

ಗಾಡಿ ತಣ್ಣಗಿರುವಾಗ, ಸಮತಟ್ಟಾದ ನೆಲದಲ್ಲಿ, ಮೇಲಿನ ಪ್ಲಗ್ ತೆಗೆದು ಕಿರುಬೆರಳು ಹಾಕಿ ನೋಡಿ. ಎಣ್ಣೆ ರಂಧ್ರದ ಕೆಳ ಅಂಚಿಗೆ ಸರಿಯಾಗಿ ಇರಬೇಕು. ಸುರಿದು ಬಂದರೆ ಜಾಸ್ತಿಯಾಗಿದೆ, ಅಂಚಿಗೆ ಬಂದು ನಿಲ್ಲುವವರೆಗೆ ಹರಿಯಲು ಬಿಡಿ. ಒಂದು ಕಡೆ ಜಾಕ್ ಕೊಟ್ಟು ಮಟ್ಟ ನೋಡಿದರೆ ಲೆಕ್ಕ ತಪ್ಪುತ್ತದೆ.

ಬದಲಾಯಿಸುವಾಗ ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಡ್ರೈನ್ ಪ್ಲಗ್. ಎಣ್ಣೆ ಎಲ್ಲ ಇಳಿಸಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬರದಿದ್ದರೆ ಏನು ಮಾಡುತ್ತೀರಿ? ಡ್ರೈನ್ ಪ್ಲಗ್‌ನಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ತಿಕ್ಕಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಸಹಜ. ಕೈಗೆ ಚುಚ್ಚುವ ಚೂರುಗಳಿದ್ದರೆ ಸೀಲ್ ವಿಷಯ ಬಿಡಿ, ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಹೌಸಿಂಗ್ ಬಿಚ್ಚಲೇಬೇಕು.

ಕೆಳಗೆ ನುಗ್ಗುವ ಮೊದಲು

ಇಲ್ಲಿ ಒಂದು ವಿಷಯ ತಲೆಯಲ್ಲಿರಲಿ. ಹಿಂದಿನ ಒಂದು ಚಕ್ರ ಎತ್ತಿದರೆ ಗೇರ್ ಹಾಕಿಟ್ಟಿದ್ದರೂ ಗಾಡಿ ನಿಲ್ಲುವುದಿಲ್ಲ. ಡಿಫರೆನ್ಷಿಯಲ್ ಇರುವುದೇ ಒಂದು ಚಕ್ರ ಬೇರೆ ವೇಗದಲ್ಲಿ ತಿರುಗಲಿ ಅಂತ. ಮೇಲೆದ್ದ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ನೆಲದ ಮೇಲಿನ ಚಕ್ರ ಉರುಳುತ್ತದೆ. ಜಾಯಿಂಟ್ ಶಾಫ್ಟ್ ಬಿಚ್ಚಿದ ಮೇಲಂತೂ ಗೇರ್‌ಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಬ್ರೇಕ್ ಡ್ರಮ್ ತೆಗೆದರೆ ಹ್ಯಾಂಡ್‌ಬ್ರೇಕೂ ಹೋಯಿತು.

ಹಾಗಾಗಿ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಗುಟ್ಟ ಕೊಡಿ. ಖಾಲಿ ಗಾಡಿಯಲ್ಲಿ ಮಾತ್ರ ಕೆಲಸ ಮಾಡಿ. ಜಾಕ್ ಎತ್ತುವುದಕ್ಕೆ, ನಿಲ್ಲುವುದಕ್ಕೆ ಸ್ಟ್ಯಾಂಡ್. ಸ್ಟ್ಯಾಂಡ್ ಬದಲು ಇಟ್ಟಿಗೆ, ಹಾಲೋ ಬ್ಲಾಕ್ ಇಡುವುದನ್ನು ನೋಡಿದ್ದೇನೆ. ಅವು ಸೂಚನೆ ಕೊಟ್ಟು ಒಡೆಯುವುದಿಲ್ಲ.

ಪಿನಿಯನ್ ಸೀಲ್

ಇದು ನಿಧಾನವಾಗಿ ಮಾಡುವ ಕೆಲಸ. ನೀವೇ ಮಾಡದಿದ್ದರೂ ಮಾಡುವವರ ಪಕ್ಕ ನಿಂತು ನೋಡಲು ಇದನ್ನು ಓದಿಕೊಳ್ಳಿ.

ಬಿಚ್ಚುವ ಮೊದಲು ಗುರುತು ಹಾಕಿ. ಶಾಫ್ಟ್‌ನ ಫ್ಲ್ಯಾಂಜ್‌ಗೂ ಕಪ್ಲಿಂಗ್‌ಗೂ ಸೇರಿಸಿ ಒಂದು ಪೇಂಟ್ ಗೆರೆ. ಹಿಂದೆ ಹೇಗಿತ್ತೋ ಹಾಗೇ ಕೂರದಿದ್ದರೆ ಗಾಡಿ ನಡುಗಬಹುದು. ಬೋಲ್ಟ್ ಬಿಚ್ಚಿ ಶಾಫ್ಟನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ಜೋತಾಡಲು ಬಿಡಬೇಡಿ. ಆಮೇಲೆ ಪಿನಿಯನ್ ತುದಿ, ನಟ್, ಕಪ್ಲಿಂಗ್ ಮೂರಕ್ಕೂ ಸೇರುವಂತೆ ಪಂಚ್‌ನಿಂದ ಒಂದು ಸಾಲು ಚುಕ್ಕಿ. ನಟ್ ಹೊರಗೆ ಎಷ್ಟು ಮರೆ (ತಿರುಪಿನ ಸುತ್ತು) ಕಾಣುತ್ತಿದೆ ಅಂತ ಎಣಿಸಿ ಬರೆದಿಡಿ.

ಈಗ ಕಪ್ಲಿಂಗ್ ಹಿಡಿದು ಮೇಲೆ ಕೆಳಗೆ, ಒಳಗೆ ಹೊರಗೆ ಜೋರಾಗಿ ಅಲ್ಲಾಡಿಸಿ. ಸುತ್ತ ತಿರುಗಿಸಿದಾಗ ಸ್ವಲ್ಪ ಆಟ ಇರುವುದು ಸಹಜ, ಅದು ಹಲ್ಲುಗಳ ನಡುವಿನ ಸಂದು. ಮೇಲೆ ಕೆಳಗೆ ಆಟ ಇದ್ದರೆ ಪಿನಿಯನ್ ಬೇರಿಂಗ್ ಹೋಗಿದೆ. ಓಡಿಸುವಾಗ ‘ಗುಂಯ್’ ಅನ್ನುವ ಸದ್ದೂ ಬರುತ್ತಿದ್ದರೆ ಅನುಮಾನವೇ ಬೇಡ. ಅಲ್ಲಿಗೆ ಬರೀ ಸೀಲ್ ಬದಲಾಯಿಸುವುದು ದಂಡ. ಕ್ರೌನ್ ಕೆಲಸ ಗೊತ್ತಿರುವವರ ಹತ್ತಿರ ಬೇರಿಂಗ್ ಹಾಕಿಸಿ.

ಆಟ ಇಲ್ಲ ಅಂದರೆ ಒಂದು ಅಳತೆ ತೆಗೆದುಕೊಳ್ಳಬೇಕು. ಹಿಂದಿನ ಎರಡೂ ಚಕ್ರ ಮೇಲಿದ್ದು, ಬ್ರೇಕ್ ಎಲ್ಲೂ ಹಿಡಿಯುತ್ತಿರಬಾರದು. ಕಪ್ಲಿಂಗ್ ಸುತ್ತ ಗಟ್ಟಿ ದಾರ ಸುತ್ತಿ, ತುದಿಗೆ ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಸಮವಾಗಿ ಎಳೆಯಿರಿ. ತಿರುಗುತ್ತಿರುವಾಗ ಮುಳ್ಳು ಎಷ್ಟು ತೋರಿಸುತ್ತದೋ ಅದನ್ನು ಬರೆದುಕೊಳ್ಳಿ. ಶುರುವಿನ ಜರ್ಕ್ ಲೆಕ್ಕಕ್ಕಿಲ್ಲ.

ನಟ್‌ನ ತುಟಿಯನ್ನು ಪಿನಿಯನ್ ತುದಿಯ ತೋಡಿಗೆ ತಟ್ಟಿ ಲಾಕ್ ಮಾಡಿದ್ದರೆ ಮೊದಲು ಅದನ್ನು ಎಬ್ಬಿಸಿ. ಕಪ್ಲಿಂಗ್‌ಗೆ ಉದ್ದನೆ ಪಟ್ಟಿ ಬೋಲ್ಟ್ ಮಾಡಿ ಹಿಡಿದು ನಟ್ ಬಿಚ್ಚಿ. ಕಪ್ಲಿಂಗನ್ನು ಪುಲ್ಲರ್‌ನಿಂದ ಎಳೆಯಿರಿ. ಸುತ್ತಿಗೆ ಏಟು ಬಿದ್ದರೆ ಬೇರಿಂಗ್‌ಗೆ ಪೆಟ್ಟು.

ಹೊರಬಂದ ಕಪ್ಲಿಂಗನ್ನು ಒರೆಸಿ, ಸೀಲ್ ತುಟಿ ಉಜ್ಜುವ ಜಾಗಕ್ಕೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ಸೋರಿಕೆಯ ಕಾರಣ ನಿಮ್ಮ ಕೈಯಲ್ಲೇ ಇದೆ. ಕಪ್ಲಿಂಗ್ ಬದಲಾಯಿಸಿ, ಇಲ್ಲವೇ ಅದರ ಮೇಲೆ ಕೂರುವ ತೆಳು ಸ್ಲೀವ್ ಹಾಕಿಸಿ. ಗೀರು ಸಣ್ಣದಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ ಹೊಸ ಜಾಗದಲ್ಲಿ ಉಜ್ಜುವಂತೆ ಮಾಡಬಹುದು, ಜಾಗ ಇದ್ದರೆ.

ಹಳೆ ಸೀಲ್ ಎಷ್ಟು ಆಳದಲ್ಲಿತ್ತು ಅಂತ ನೋಡಿಕೊಂಡು ತೆಗೆಯಿರಿ. ಅದರ ಮುಖದ ಮೇಲೆ ಒಳಸುತ್ತು, ಹೊರಸುತ್ತು, ದಪ್ಪ ಮೂರೂ ಮಿಲಿಮೀಟರ್‌ನಲ್ಲಿ ಅಚ್ಚಾಗಿರುವುದುಂಟು. ಅಂಗಡಿಗೆ ಹಳೆಯದನ್ನೇ ಒಯ್ಯಿರಿ. ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಗಾಡಿ ಹೆಸರು ಹೇಳಿದರೆ ಮೂರು ಥರದ ಸೀಲ್ ಮುಂದಿಡುತ್ತಾರೆ. ಹಳೆಯದು ಕೈಯಲ್ಲಿದ್ದರೆ ಗೊಂದಲ ಇರುವುದಿಲ್ಲ.

ಹೊಸ ಸೀಲ್‌ನ ಸಣ್ಣ ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗೆ, ಅಂದರೆ ಒಳಗೆ. ತುಟಿಗೆ ಗ್ರೀಸ್ ಸವರಿ. ಸೀಲ್‌ನಷ್ಟೇ ಅಗಲದ ಪೈಪ್ ತುಂಡು ಇಟ್ಟು ಸುತ್ತಲೂ ಸಮವಾಗಿ ತಟ್ಟಿ ಕೂರಿಸಿ. ಒಂದು ಕಡೆ ಓರೆಯಾದರೆ ಮತ್ತೆ ಸೋರುತ್ತದೆ. ಕಪ್ಲಿಂಗ್ ಏರಿಸುವಾಗ ಒಳಗಿನ ಹಲ್ಲುಗಳಿಗೆ ತೆಳುವಾಗಿ ಗ್ಯಾಸ್ಕೆಟ್ ಪೇಸ್ಟ್ ಹಚ್ಚಿ. ಎಣ್ಣೆ ಆ ಹಲ್ಲುಗಳ ಸಂದಿನಲ್ಲಿ ತೆವಳಿ ನಟ್ ಹತ್ತಿರ ಹೊರಬರುತ್ತದೆ. ಎಷ್ಟೋ ಸಲ ‘ಹೊಸ ಸೀಲೂ ಸೋರ್ತಿದೆ’ ಅನ್ನುವುದು ಇದಕ್ಕೇ.

ಈಗ ನಟ್. ಬಹಳಷ್ಟು ಗಾಡಿಗಳಲ್ಲಿ ಎರಡು ಪಿನಿಯನ್ ಬೇರಿಂಗ್‌ಗಳ ನಡುವೆ ಒತ್ತಿದರೆ ಕುಗ್ಗುವ ಒಂದು ಸ್ಪೇಸರ್ ಇರುತ್ತದೆ. ಅದು ಒಮ್ಮೆ ಕುಗ್ಗಿದರೆ ಮತ್ತೆ ಹಿಗ್ಗುವುದಿಲ್ಲ. ನಟ್ ಬಿಗಿಯುವ ಗನ್ ಹಿಡಿದು ‘ಗರ್ರ್’ ಅಂತ ಬಿಗಿದರೆ ಸ್ಪೇಸರ್ ಅತಿಯಾಗಿ ಕುಗ್ಗಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ‘ಜಾಸ್ತಿ ಆಯ್ತು’ ಅಂತ ಸಡಿಲಿಸಿದರೆ ಬೇರಿಂಗ್‌ಗೆ ಬಿಗಿಯೇ ಇರುವುದಿಲ್ಲ. ಎರಡರಲ್ಲೂ ಕ್ರೌನ್ ಪಿನಿಯನ್ ಬೇಗ ಹಾಳು. ಆದ್ದರಿಂದ ಕೈ ಪಾನಾದಲ್ಲೇ, ಪಂಚ್ ಚುಕ್ಕಿಗಳು ಸೇರುವವರೆಗೆ ಬಿಗಿದು, ದಾರ ಸುತ್ತಿ ತಕ್ಕಡಿಯಿಂದ ಮತ್ತೆ ಅಳೆಯಿರಿ. ಮುಂಚಿನಷ್ಟೇ, ಇಲ್ಲವೇ ಕೂದಲೆಳೆಯಷ್ಟು ಜಾಸ್ತಿ ಬಂದರೆ ಸರಿ. ಕಡಿಮೆ ಬಂದರೆ ಒಂದೊಂದು ಚೂರೇ ಬಿಗಿಯಿರಿ. ಮೀರಿಹೋದರೆ ಹೊಸ ಸ್ಪೇಸರ್ ಹಾಕುವುದೊಂದೇ ದಾರಿ. ಹೊಸ ನಟ್ ಹಾಕಿದರೆ ಚುಕ್ಕಿ ಗುರುತು ಪೂರ್ತಿ ನಂಬಲಾಗದು, ಆಗ ತಕ್ಕಡಿಯ ಅಳತೆಯೇ ಗತಿ. ಕುಗ್ಗದ ಗಟ್ಟಿ ಸ್ಪೇಸರ್ ಇರುವ ಗಾಡಿಯಾದರೆ ಪುಸ್ತಕದಲ್ಲಿ ಹೇಳಿದ ಟಾರ್ಕ್‌ಗೆ ಬಿಗಿದರಾಯಿತು.

ಚಕ್ರದ ಕಡೆಯ ಸೀಲ್

ಚಕ್ರದ ನಡುವೆ ಸುತ್ತ ಬೋಲ್ಟ್ ಇರುವ ಗುಂಡನೆ ಫ್ಲ್ಯಾಂಜ್ ಕಾಣುತ್ತಿದ್ದು, ಅದನ್ನು ಬಿಚ್ಚಿ ಆಕ್ಸಲ್ ಶಾಫ್ಟ್ ಮಾತ್ರ ಎಳೆಯಲು ಬಂದರೆ ಚಕ್ರದ ಭಾರವೆಲ್ಲ ಹಬ್ ಬೇರಿಂಗ್ ಮೇಲಿದೆ ಅಂತ ಅರ್ಥ. ಸೀಲ್ ಹಬ್ ಹಿಂದೆ ಇರುತ್ತದೆ. ಹಾಗಿಲ್ಲದ ಗಾಡಿಗಳಲ್ಲಿ ಡ್ರಮ್ ತೆಗೆದು, ಬ್ರೇಕ್ ತಗಡಿನ ನಟ್ ಬಿಚ್ಚಿ, ಶಾಫ್ಟನ್ನು ಬೇರಿಂಗ್ ಸಮೇತ ಎಳೆಯಬೇಕು. ಆ ಬೇರಿಂಗ್ ಮತ್ತು ಅದನ್ನು ಹಿಡಿದಿರುವ ರಿಂಗ್ ಪ್ರೆಸ್‌ನಲ್ಲಿ ಕೂರಿಸಿದ್ದು. ಮನೆಯಲ್ಲಿ ಸುತ್ತಿಗೆ ಹಿಡಿದು ಪ್ರಯತ್ನಿಸುವುದು ಬೇಡ, ಶಾಫ್ಟ್ ಹಿಡಿದು ಲೇತ್ ಅಂಗಡಿಗೆ ಹೋಗಿ.

ಶಾಫ್ಟ್ ವಾಪಸ್ ಹಾಕುವಾಗ ಅದರ ಭಾರ ಹೊಸ ಸೀಲ್ ಮೇಲೆ ಬೀಳಬಾರದು. ತುದಿಯ ಹಲ್ಲುಗಳು ಬ್ಲೇಡಿನಷ್ಟು ಚೂಪು. ಒಂದು ಕೈ ಕೆಳಗೆ ಕೊಟ್ಟು ಎತ್ತಿ ಹಿಡಿದು, ನೇರವಾಗಿ ಒಳಗೆ ಬಿಡಿ.

ಎಣ್ಣೆ ಕುಡಿದ ಬ್ರೇಕ್ ಲೈನರನ್ನು ಪೆಟ್ರೋಲ್‌ನಲ್ಲಿ ತೊಳೆದು, ಬೆಂಕಿಯಲ್ಲಿ ಕಾಯಿಸಿ ಮತ್ತೆ ಹಾಕುವ ಅಭ್ಯಾಸ ಕೆಲವರಿಗಿದೆ. ಮೇಲೆ ಒಣಗಿದಂತೆ ಕಂಡರೂ ಡ್ರಮ್ ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಬ್ರೇಕ್ ಒತ್ತಿದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಎರಡೂ ಚಕ್ರದ ಲೈನರ್ ಒಟ್ಟಿಗೆ ಬದಲಾಯಿಸಿ. ಡ್ರಮ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆ ಲೈನರ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಒಂದೇ ಬದಿಯ ಸೀಲ್ ಪದೇ ಪದೇ ಹೋಗುತ್ತಿದ್ದು, ಬೇರಿಂಗ್ ಚೆನ್ನಾಗಿದ್ದರೆ ಹೌಸಿಂಗ್ ಬಾಗಿದೆಯೇ ಅಂತ ನೋಡಿಸಿ. 1.7 ಟನ್ ಹೊರುವ ಗಾಡಿಗೆ ಮೂರು ಟನ್ ಮರಳು ಹೇರಿದರೆ ಹೌಸಿಂಗ್ ಪೈಪ್ ಬಾಗುವುದರಲ್ಲಿ ಆಶ್ಚರ್ಯವೇನಿಲ್ಲ. ಆಮೇಲೆ ಶಾಫ್ಟ್ ಸೀಲ್‌ನ ನಡುವೆ ಕೂರುವುದೇ ಇಲ್ಲ. ಆ ಬದಿಯ ಟೈರ್ ಒಳ ಅಂಚು ಬೇಗ ಸವೆಯುತ್ತಿದ್ದರೆ ಇದೇ ಇರಬೇಕು.

ಪ್ಯಾಕಿಂಗ್, ಪ್ಲಗ್ ಮತ್ತು ಹೊಸ ಎಣ್ಣೆ

ಪ್ಯಾಕಿಂಗ್ ಸೋರಿಕೆಗೆ ಮೊದಲು ಬೋಲ್ಟ್‌ಗಳು ಸಡಿಲವಾಗಿವೆಯೇ ನೋಡಿ. ಬಿಚ್ಚಲೇಬೇಕಾದರೆ ಎರಡೂ ಮುಖಗಳಿಂದ ಹಳೆ ಪೇಸ್ಟ್ ಪೂರ್ತಿ ಕೆರೆದು, ಎಣ್ಣೆ ಪಸೆ ಇಲ್ಲದಂತೆ ಒರೆಸಿ. ಇಲ್ಲಿ ಸೋಮಾರಿತನ ಮಾಡಿದರೆ ಎಂಥ ಪೇಸ್ಟೂ ಹಿಡಿಯುವುದಿಲ್ಲ. ಒಂದೇ ಎಳೆಯಾಗಿ, ಬೋಲ್ಟ್ ರಂಧ್ರಗಳ ಒಳಬದಿಯಿಂದ ಪೇಸ್ಟ್ ಎಳೆದು, ಎದುರುಬದುರು ಬೋಲ್ಟ್‌ಗಳನ್ನು ಬಿಗಿಯುತ್ತಾ ಬನ್ನಿ. ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟೇ ಎಣ್ಣೆ ತುಂಬಿ. ಡ್ರೈನ್ ಪ್ಲಗ್‌ಗೆ ಹೊಸ ವಾಷರ್ ಸಾಕು. ಹೌಸಿಂಗ್ ವೆಲ್ಡಿಂಗ್ ಜಾಗದಲ್ಲೇ ಜಿನುಗುತ್ತಿದ್ದರೆ ಎಂಸೀಲ್ ಮೆತ್ತಿ ದಿನ ದೂಡಬಹುದು, ರಿಪೇರಿ ಅಂತ ಕರೆಯುವಂತಿಲ್ಲ.

ಎಣ್ಣೆ ಎಪಿಐ ಜಿಎಲ್-5 ದರ್ಜೆಯದೇ ಇರಲಿ. ಗೇರ್‌ಬಾಕ್ಸ್‌ಗೆಂದು ತಂದ ಜಿಎಲ್-4 ಮಿಕ್ಕಿದೆ ಅಂತ ಇಲ್ಲಿ ಸುರಿಯಬೇಡಿ, ಕ್ರೌನ್ ಹಲ್ಲಿನ ಒತ್ತಡ ಅದು ತಡೆಯುವುದಿಲ್ಲ. ಎಣ್ಣೆಯ ಮಂದತನ 80ಡಬ್ಲ್ಯು-90 ಅಥವಾ 85ಡಬ್ಲ್ಯು-140, ಯಾವುದು ಅಂತ ಪುಸ್ತಕ ನೋಡಿ. ಹೆಚ್ಚಿನ ಪಿಕಪ್‌ಗಳಿಗೆ ಒಂದೂವರೆಯಿಂದ ಮೂರು ಲೀಟರ್ ಹಿಡಿಯುತ್ತದೆ. ಸೋರುತ್ತದೆ ಅಂತ ಮಂದ ಎಣ್ಣೆ ಹಾಕುವುದು, ಸೋರಿಕೆ ನಿಲ್ಲಿಸುವ ಬಾಟಲಿ ಸುರಿಯುವುದು ಎರಡೂ ನನಗೆ ಒಪ್ಪಿಗೆಯಿಲ್ಲ. ರಬ್ಬರ್ ಉಬ್ಬಿ ಸ್ವಲ್ಪ ದಿನ ನಿಲ್ಲಬಹುದು, ಸವೆದ ಬೇರಿಂಗ್ ಮಾತ್ರ ಹಾಗೇ ಇರುತ್ತದೆ.

ತೆಗೆದ ಎಣ್ಣೆಯನ್ನು ಮೋರಿಗೆ, ಹೊಲದ ಬದುವಿಗೆ ಚೆಲ್ಲಬೇಡಿ. ಹಳೆ ಎಣ್ಣೆ ಕೊಳ್ಳುವವರು ಗ್ಯಾರೇಜ್‌ಗಳಿಗೆ ಬರುತ್ತಾರೆ, ಡಬ್ಬಿಯಲ್ಲಿ ತುಂಬಿ ಅಲ್ಲಿ ಕೊಡಿ. ಕೆಲಸ ಮುಗಿದ ಮೇಲೆ ಮತ್ತೆ ಪೌಡರ್ ಹಾಕಿ ಒಂದು ಲೋಡ್ ಹೊಡೆದು ಬನ್ನಿ. ಗಾಡಿ ತಣ್ಣಗಾದ ಮೇಲೆ ಮಟ್ಟ ನೋಡಿ, ಜಾಯಿಂಟ್ ಶಾಫ್ಟ್‌ನ ಬೋಲ್ಟ್‌ಗಳಿಗೆ ಇನ್ನೊಮ್ಮೆ ಪಾನಾ ಕೊಟ್ಟು ಬಿಗಿ ಇದೆಯೇ ಪರೀಕ್ಷಿಸಿ.